ಜ್ವರದ ಜೊತೆ ಬೆನ್ನುನೋವು ಬಿಡುತ್ತಿಲ್ಲವೇ? ಅಯೋರ್ಟಾ ಸೋಂಕು ಪತ್ತೆಯಾಗುವುದು ಹೀಗೆ

ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳವೇ ಅಯೋರ್ಟಾ. ಹೊಟ್ಟೆಯಲ್ಲಿ ಇದರ ಅಗಲ ಸುಮಾರು 2 ಸೆಂ.ಮೀ. ಇದರ ಗೋಡೆಗೆ ಬ್ಯಾಕ್ಟೀರಿಯಾ ಹತ್ತಿದರೆ ಗೋಡೆ ಸಡಿಲಾಗಿ, ಒಂದು ಪಕ್ಕಕ್ಕೆ ಚೀಲದಂತೆ ಉಬ್ಬುತ್ತದೆ. ಅದು ಒಡೆದರೆ ಜೀವ ಉಳಿಸುವುದು ಬಹಳ ಕಷ್ಟ. ಕಾಯಿಲೆ ಅಪರೂಪ, ಆದರೆ ತಡ ಮಾಡುವಂಥದ್ದಲ್ಲ.

ರಿಪೋರ್ಟಿನಲ್ಲಿ ಈ ಉಬ್ಬಿಗೆ ‘ಮೈಕೋಟಿಕ್ ಅನ್ಯೂರಿಸಂ’ ಎಂದಿದ್ದರೆ, ‘ಮೈಕೋಟಿಕ್’ ಎಂದರೆ ಶಿಲೀಂಧ್ರದ್ದು ಎಂಬ ಅರ್ಥವಿದ್ದರೂ, ಶಿಲೀಂಧ್ರ ಅಂದುಕೊಳ್ಳಬೇಡಿ. ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಇಟ್ಟ ಹೆಸರು ಹಾಗೇ ಉಳಿದಿದೆ. ಹೆಚ್ಚಾಗಿ ಕಾರಣ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕೆಟ್ಟ ಆಹಾರ, ನೀರಿನಿಂದ ಬರುವ ಸಾಲ್ಮೊನೆಲ್ಲ. ವಯಸ್ಸಾದವರು, ಶುಗರ್ ಇರುವವರು, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ.

ಮೊದಲು ರಕ್ತ, ಆಮೇಲೆ ಔಷಧ. ಜ್ವರ ಬಂತೆಂದು ಮೆಡಿಕಲ್ ಶಾಪಿನಿಂದ ಸುಮ್ನೆ ಆಂಟಿಬಯೋಟಿಕ್ ತಂದು ನುಂಗಬೇಡಿ. ನಾನು ಇದನ್ನು ಕೈಮುಗಿದು ಹೇಳುತ್ತೇನೆ. ನಾಲ್ಕು ಮಾತ್ರೆ ಹೊಟ್ಟೆಗೆ ಹೋದರೆ ಸಾಕು, ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಅದು ಬೆಳೆಯದೇ ಹೋಗಬಹುದು. ಆಸ್ಪತ್ರೆಯಲ್ಲಿ ಬೇರೆ ಬೇರೆ ಜಾಗದಿಂದ ಎರಡು ಮೂರು ಸಲ ರಕ್ತ ತೆಗೆದು, ಒಂದೊಂದು ಬಾಟಲಿಗೆ 8–10 ಮಿ.ಲೀ. ಹಾಕುತ್ತಾರೆ. ಬಾಟಲಿಗಳು ಮೈಬಿಸಿಯಷ್ಟೇ ಬೆಚ್ಚಗಿನ ಯಂತ್ರದಲ್ಲಿ ಸಾಮಾನ್ಯವಾಗಿ 5 ದಿನ ಕೂರುತ್ತವೆ. ಬ್ಯಾಕ್ಟೀರಿಯಾ ಬೆಳೆದರೆ ಕೆಲವು ಬಗೆಯ ಬಾಟಲಿಗಳ ತಳ ಹಳದಿಗೆ ತಿರುಗುತ್ತದೆ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದೂ ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ರೋಗಿ ತೀರಾ ಬಳಲಿದ್ದರೆ ಡಾಕ್ಟರು ಫಲಿತಾಂಶಕ್ಕೆ ಕಾಯುವುದಿಲ್ಲ, ರಕ್ತ ತೆಗೆದ ಕೂಡಲೇ ಔಷಧ ಶುರು.

ನಂತರ ಸಿ.ಟಿ. ಆಂಜಿಯೋ, ಅಂದರೆ ರಕ್ತನಾಳಕ್ಕೆ ಬಣ್ಣದ ಔಷಧ (ಕಾಂಟ್ರಾಸ್ಟ್) ಕೊಟ್ಟು ಮಾಡುವ ಸ್ಕ್ಯಾನ್. ಉಬ್ಬು ಎಲ್ಲಿದೆ, ಎಷ್ಟಿದೆ ಎಂಬುದು ಇದರಲ್ಲಿ ಕಾಣುತ್ತದೆ. ಆ ಔಷಧ ಕಿಡ್ನಿಗೆ ಹೊರೆಯಾಗಬಹುದು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಚಿಕಿತ್ಸೆ. ಔಷಧವೊಂದೇ ಸಾಮಾನ್ಯವಾಗಿ ಸಾಲದು. ಸರ್ಜನ್ ಸೋಂಕಿನ ಭಾಗ ಕತ್ತರಿಸಿ ತೆಗೆದು, ಕೃತಕ ನಾಳವನ್ನೋ ತೊಡೆಯ ರಕ್ತನಾಳವನ್ನೋ ಜೋಡಿಸುತ್ತಾರೆ. ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ಎಳೆದು ಅದಕ್ಕೆ ಶಾಲಿನಂತೆ ಸುತ್ತುವುದೂ ಉಂಟು. ಅದರಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಸೋಂಕು ತಡೆಯಲು ನೆರವಾಗುತ್ತದೆ. ದೊಡ್ಡ ಆಪರೇಷನ್ ತಾಳಲಾರದವರಿಗೆ ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಜಾಲರಿ ಕೊಳವೆ) ಒಳಗೆ ಹಾಕುತ್ತಾರೆ, ಆದರೆ ಸೋಂಕಿನ ಗೋಡೆ ಒಳಗೇ ಉಳಿಯುತ್ತದೆ ಅಲ್ವಾ? ಹಾಗಾಗಿ ಔಷಧ ಇನ್ನೂ ದೀರ್ಘ. ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ.

ಮನೆಗೆ ಬಂದ ಮೇಲೆ ಹೇಳಿದ ದಿನ ರಕ್ತಪರೀಕ್ಷೆ, ಸಿ.ಟಿ. ಮಾಡಿಸಿ. ಮತ್ತೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಬೆನ್ನು ಸೀಳಿದಂತೆ ನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ.