ಜಪಾನಿ ಉಚ್ಚಾರ: ರೋಮನ್ ಲಿಪಿ ಬಿಟ್ಟು ಮಾತ್ರೆ ಹಿಡಿದೆ

ನಾನು ಜಪಾನಿ ಕಲಿತದ್ದು ಇಂಗ್ಲಿಷ್ ಪುಸ್ತಕಗಳಿಂದ. ಇಂಗ್ಲಿಷ್ ಮಾತಾಡುವವರಿಗೆಂದೇ ಬರೆದ ಆ ಪುಸ್ತಕಗಳು ರಕಾರ ಕಷ್ಟ, ದ್ವಿತ್ವ ಕಷ್ಟ, ದೀರ್ಘ ಸ್ವರ ಕಷ್ಟ ಎಂದು ಪುಟಗಟ್ಟಲೆ ಎಚ್ಚರಿಸುತ್ತವೆ. ಈ ಮೂರೂ ನಮ್ಮ ಬಾಯಲ್ಲಿ ಮೊದಲೇ ಇವೆ. 'ಮರ' ಎನ್ನುವಾಗ ನಾಲಿಗೆ ಒಮ್ಮೆ ತಟ್ಟಿ ಬರುತ್ತದಲ್ಲ, ಜಪಾನಿ ರಕಾರ ಹೆಚ್ಚುಕಡಿಮೆ ಅದೇ. ಹಾಗಾಗಿ ರೋಮನ್ ಲಿಪಿಯನ್ನು ಬದಿಗಿಟ್ಟು, ಜಪಾನಿನ ಮೂಲ ಲಿಪಿಗಳಲ್ಲೊಂದಾದ ಹಿರಗಾನದ ಅಕ್ಷರಗಳ ಪಕ್ಕ ಕನ್ನಡದಲ್ಲೇ ಉಚ್ಚಾರ ಬರೆದುಕೊಳ್ಳತೊಡಗಿದೆ.

ನಿಜವಾಗಿ ಕೈ ಹಿಡಿದದ್ದು ಹೈಸ್ಕೂಲಿನಲ್ಲಿ ಷಟ್ಪದಿಗೆ ಹಾಕುತ್ತಿದ್ದ ಪ್ರಸ್ತಾರ. ಜಪಾನಿ ಮಾತು ನಡೆಯುವುದೇ ಮಾತ್ರೆಯ ಲೆಕ್ಕದಲ್ಲಿ. ಮೂರು ಸಾಲಿನ ಜಪಾನಿ ಕವಿತೆ ಹೈಕುವಿನ 5-7-5 ಕೂಡ ಮಾತ್ರೆಯೇ. 'ಕಿತೆ' ಅಂದರೆ ಬಾ, ಎರಡು ಮಾತ್ರೆ. 'ಕಿತ್ತೆ' ಅಂದರೆ ಅಂಚೆಚೀಟಿ, ಮೂರು ಮಾತ್ರೆ. ಒತ್ತಕ್ಷರದ ಹಿಂದಿನದು ಗುರು ಎಂಬ ನಮ್ಮ ನಿಯಮ ಇಲ್ಲಿ ಹಾಗೇ ಕೂರುತ್ತದೆ. 'ಒಬಸನ್' ಅಂದರೆ ಅತ್ತೆ, ಚಿಕ್ಕಮ್ಮ, ನಾಲ್ಕು ಮಾತ್ರೆ. 'ಒಬಾಸನ್' ಅಜ್ಜಿ, ಐದು. ನಾವು ಒಸಾಕಾ ಎನ್ನುವ ಊರು ಅಲ್ಲಿ 'ಓಸಕ': ಮೊದಲಿಗೆ ಗುರು, ಆಮೇಲೆ ಎರಡು ಲಘು. ಹೊಸ ಪದ ಬಂದಾಗಲೆಲ್ಲ ಗುರು-ಲಘು ಹಾಕಿ, ಬೆರಳಲ್ಲಿ ತಾಳ ಹಾಕುತ್ತ ಹೇಳಿಕೊಂಡೆ.

ಆದರೆ ಈ ನಿಯಮ ಒಂದು ಕಡೆ ದಾರಿ ತಪ್ಪಿಸುತ್ತದೆ, ಇದನ್ನು ಬಿಡಿಸಿ ಹೇಳಲೇಬೇಕು. ಹಬ್ಬಕ್ಕೆ 'ಮತ್ಸುರಿ' ಎನ್ನುತ್ತಾರೆ. ಕನ್ನಡದ ಬಾಯಿ ಇದನ್ನು 'ಮತ್-ಸುರಿ' ಎಂದು ಒಡೆದು 'ಮ'ವನ್ನು ಗುರು ಮಾಡಿಬಿಡುತ್ತದೆ. ಜಪಾನಿಯಲ್ಲಿ ತ್ಸ ಒಂದೇ ವ್ಯಂಜನ: ಮ-ತ್ಸು-ರಿ, ಮೂರೂ ಲಘು. ಅತಿಥಿ ಎಂಬರ್ಥದ 'ಒಕ್ಯಕುಸನ್' ಕೂಡ ಹೀಗೆಯೇ. 'ಒ' ಬಿಡಿಯಾಗಿ ನಿಲ್ಲಬೇಕು. ಇಂಥ ಪದಗಳಲ್ಲಿ ಒತ್ತಕ್ಷರದ ಹಿಂದೆ ಒಂದು ಗೀಟು ಎಳೆದುಕೊಳ್ಳುತ್ತಿದ್ದೆ.

ಪದದ ಮೊದಲಲ್ಲೇ ತ್ಸು ಬಂದರೆ ಇನ್ನೊಂದು ತೊಡಕು. ಇಂಗ್ಲಿಷಿನವರು ತಕಾರವನ್ನೇ ನುಂಗುತ್ತಾರೆ, ನಮ್ಮ ಪತ್ರಿಕೆಗಳಲ್ಲೂ ಅದು ಸುನಾಮಿ. ನಾನು 'ಉತ್ಸವ' ಎಂದು ನಿಧಾನಕ್ಕೆ ಹೇಳುತ್ತ ಉಕಾರವನ್ನು ಮನಸ್ಸಿನಲ್ಲೇ ಉಳಿಸಿ 'ತ್ಸವ' ಮಾತ್ರ ಹೊರಗೆ ಬಿಟ್ಟೆ. ಅಲ್ಲಿಂದ 'ತ್ಸುಕಿ', ಅಂದರೆ ಚಂದ್ರ, ಸುಲಭ.

ಫುಜಿ ಪರ್ವತದ ಫು ನಮ್ಮ 'ಫಲ'ದ್ದಲ್ಲ, ಇಂಗ್ಲಿಷಿನ 'ಫ್ಯಾನ್'ನದ್ದೂ ಅಲ್ಲ. ತುಟಿಗೆ ಹಲ್ಲು ತಾಗಬಾರದು. ಬಿಸಿ ಕಾಫಿ ಊದಿದ ಹಾಗೆ ಎರಡು ತುಟಿಗಳ ನಡುವೆ ಗಾಳಿ ಹೋಗಬೇಕು. ಕನ್ನಡಿ ಮುಂದೆ ನಿಂತರೆ ಬೇಗ ಬರುತ್ತದೆ.

ಪದದ ನಡುವಿನ ಅನುನಾಸಿಕ ನಮ್ಮ ಸೊನ್ನೆಯೇ ಎನ್ನಬಹುದು. ಅಂಕ, ಅಂದ, ಅಂಬರಗಳಲ್ಲಿ ಬದಲಾದ ಹಾಗೆ ಮುಂದಿನ ಅಕ್ಷರ ನೋಡಿ ಬದಲಾಗುತ್ತದೆ. ಮುಂದೆ ಸ್ವರ ಬಂದಾಗ ಮಾತ್ರ ಎಚ್ಚರ. 'ಕಿನೆನ್' ಎಂದರೆ ಸ್ಮರಣೆ, 'ಕಿಂ-ಎನ್' ಎಂದರೆ ಧೂಮಪಾನ ನಿಷೇಧ. ಎರಡನೆಯದಕ್ಕೆ ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಟ್ಟು, ಮೂಗಿನಲ್ಲಿ ಒಂದು ಮಾತ್ರೆ ನಿಂತು ಮುಂದೆ ಹೋಗುವುದನ್ನು ರೂಢಿಸಿಕೊಂಡೆ.

ಸ್ವರದ ಏರಿಳಿತಕ್ಕೆ ಕನ್ನಡದಿಂದ ನೆರವಿಲ್ಲ. ಟೋಕಿಯೊ ಮಾತಿನಲ್ಲಿ 'ಹಶಿ'ಯ ಮೊದಲಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಒಸಾಕಾ ಕಡೆ ಇದೇ ತಿರುವುಮುರುವು. ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲದ್ದರಿಂದ ಬೆಂಗಳೂರಿನಲ್ಲಿ ಅದಕ್ಕಾಗಿ ಓದುವ ಎಷ್ಟೋ ಜನ ಇದರ ಗೋಜಿಗೇ ಹೋಗುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಟೋಕಿಯೊ ವಿಶ್ವವಿದ್ಯಾಲಯದವರ ಓಜಾಡ್ ಎಂಬ ಉಚಿತ ಆನ್‌ಲೈನ್ ನಿಘಂಟಿನಲ್ಲಿ ಪದ ಹಾಕಿದರೆ ಏರಿಳಿತದ ಗೆರೆ ಕಾಣುತ್ತದೆ, ದನಿಯೂ ಕೇಳುತ್ತದೆ. ಪದವನ್ನು ಒಂಟಿಯಾಗಿ ಕಲಿಯುವುದಕ್ಕಿಂತ ಹಿಂದೆ 'ಗ' ಪ್ರತ್ಯಯ ಸೇರಿಸಿ 'ಹಶಿಗ' ಎಂದೇ ಕಲಿಯಿರಿ. ಸೇತುವೆಯಾದರೆ 'ಗ' ಇಳಿಯುತ್ತದೆ, ಅಂಚು ಎಂಬರ್ಥದ 'ಹಶಿ'ಯಾದರೆ ಮೇಲೇ ಉಳಿಯುತ್ತದೆ. ಬರೀ 'ಹಶಿ' ಎಂದರೆ ಇವೆರಡರ ವ್ಯತ್ಯಾಸ ಕೇಳಿಸುವುದೇ ಇಲ್ಲ.