ಕೋವಿ ಸದ್ದಿಂದ ಕಿವಿ ಉಳಿಸ್ಕೊಳ್ಳೋದು ಹೇಗೆ

ಕೊಡಗಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತಂದ್ರೆ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡಿಯೋ ಸ್ಪರ್ಧೆ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗಿಯೋವಾಗ ಗಾಳಿಗೊಂದು ಗುಂಡು, ಇನ್ನು ತೋಟಕ್ಕೆ ಆನೆ ನುಗ್ಗಿದ್ರೆ ಬೆದರಿಸೋಕೆ ರಾತ್ರಿ ಹೊತ್ತಲ್ಲಿ ಮತ್ತೊಂದು, ಇಷ್ಟರಲ್ಲಿ ಕಿವಿಗೆ ಏನಾದ್ರೂ ಹಾಕ್ಕೊಂಡು ನಿಂತವ್ರು ಎಷ್ಟು ಜನ ನೋಡಿ.

ಕೇಳಿದ್ರೆ "ಆನೆ ಎದುರಿಗಿತ್ತು ಮಾರಾಯ, ಸದ್ದೇ ಕೇಳಿಸ್ಲಿಲ್ಲ, ಕಿವಿಗೇನಾಗತ್ತೆ" ಅಂತಾರೆ. ಕೇಳಿಸ್ಲಿಲ್ಲ ಅನ್ನೋದು ನಿಜಾನೇ ಇರಬಹುದು, ಜೀವಭಯದಲ್ಲಿ ಮೆದುಳು ಕಣ್ಣ ಮುಂದಿರೋದನ್ನ ಮಾತ್ರ ಹಿಡ್ಕೊಂಡು ಸದ್ದನ್ನ ಬದಿಗೆ ತಳ್ಳಿಬಿಡತ್ತೆ, ಆದ್ರೆ ಒಳಕಿವಿಗೆ ಬೀಳೋ ಪೆಟ್ಟಲ್ಲಿ ಒಂಚೂರೂ ಕಮ್ಮಿ ಆಗಿರಲ್ಲ. ಜೋರು ಸದ್ದಿಗೆ ನಡುಗಿವಿಯ ಸ್ನಾಯು ಬಿಗಿಯಾಗತ್ತೆ ನಿಜ, ಅಷ್ಟೊತ್ತಿಗೆ ಈಡಿನ ಸದ್ದು ಒಳಗೆ ಹೋಗಿ ಆಗಿರತ್ತೆ. ಸದ್ದನ್ನ ಅಳೆಯೋ ಡೆಸಿಬಲ್ ಲೆಕ್ಕದಲ್ಲಿ 12 ಬೋರ್ ಕೋವಿ 150 ದಾಟತ್ತೆ, ಪಾಯಿಂಟ್ 22 ರೈಫಲ್ ಕೂಡ 140ರ ಹತ್ರ ಬರತ್ತೆ, 140 ಮೇಲೆ ಹೋದ್ರೆ ಒಂದೇ ಈಡಿಗೂ ಕಿವಿ ಕೆಡಬಹುದು. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ರೆ ಮತ್ತೆ ಹುಟ್ಟಲ್ಲ.

ಹತ್ತಿ ಉಂಡೆ ದಂಡ. ಫೋಮ್ ಇಯರ್‌ಪ್ಲಗ್ ಅಗ್ಗ, ಮೆಡಿಕಲ್ ಶಾಪಲ್ಲೂ ಸಿಗತ್ತೆ, ಆದ್ರೆ ಸುಮಾರು ಜನ ಅದನ್ನ ಕಿವಿ ಬಾಯಲ್ಲಿ ಸಿಕ್ಕಿಸಿ ಬಿಡ್ತಾರೆ, ಅಷ್ಟು ಸಾಲದು. ಬೆರಳಲ್ಲಿ ಹೊಸೆದು ಬತ್ತಿ ಥರ ಸಣ್ಣ ಮಾಡಿ, ಇನ್ನೊಂದು ಕೈನ ತಲೆ ಹಿಂದಿಂದ ತಂದು ಕಿವೀನ ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಉಬ್ಬಿ ಕೂರೋವರೆಗೂ ಅರ್ಧ ನಿಮಿಷ ಒತ್ತಿ ಹಿಡೀರಿ. ನಿಮ್ಮ ಮಾತೇ ನಿಮಗೆ ಗುಡಾಣದಲ್ಲಿ ಆಡಿದಂಗೆ ಕೇಳಿದ್ರೆ ಸರಿ ಕೂತಿದೆ. ಇಡೀ ಕಿವಿ ಮುಚ್ಚೋ ಇಯರ್‌ಮಫ್ ಹಾಕೋರು ಒಂದು ಗಮನಿಸಿ, ಕೆನ್ನೆನ ಕೋವಿ ಹಿಡಿಗೆ ಒತ್ತಿದಾಗ ಮಫ್‌ನ ಕೆಳಗಿನ ಅಂಚು ತಾಗಿ ಮೇಲೆದ್ದು ಸಂದಿ ಬೀಳತ್ತೆ, ಕನ್ನಡಕ ಇದ್ರೂ ಅದೇ ಕತೆ, ಅದಕ್ಕೆ ತೆಳ್ಳಗಿರೋ ಮಫ್ ತಗೊಳ್ಳಿ, ಒಳಗೆ ಪ್ಲಗ್ ಕೂಡ ಇರಲಿ. ಪಕ್ಕ ನಿಂತು ನೋಡೋ ಮಕ್ಕಳಿಗೂ ಹಾಕಿ, ನಳಿಗೆ ಬದೀಲಿ ನಿಂತವ್ರಿಗೆ ಪೆಟ್ಟು ಜಾಸ್ತಿ.

ಗಾಬರೀಲಿ ಯಾರೂ ಪ್ಲಗ್ ಹುಡುಕ್ತಾ ಕೂರಲ್ಲ, ಅದಕ್ಕೆ ದಾರ ಇರೋ ಪ್ಲಗ್ ಒಂದು ಜೊತೆ ಕೋವಿ ಬೆಲ್ಟಿಗೇ ಕಟ್ಟಿಡಿ, ತೋಟದ ಕಾವಲಿಗೆ ಹೋಗೋರು ಮಫ್ ಕುತ್ತಿಗೇಲಿ ಹಾಕ್ಕೊಂಡೇ ಹೊರಡಿ. ದುಡ್ಡಿದ್ರೆ ಎಲೆಕ್ಟ್ರಾನಿಕ್ ಮಫ್ ತಗೊಳ್ಳಿ, ಕೊಂಬೆ ಮುರಿಯೋ ಸದ್ದು ಕೇಳಿಸ್ತಾನೇ ಇರತ್ತೆ, ಗುಂಡಿನ ಸದ್ದು ಮಾತ್ರ ತಗ್ಗತ್ತೆ, ರಾತ್ರಿ ಕಾವಲಿಗೆ ನನ್ ಪ್ರಕಾರ ಇದಕ್ಕಿಂತ ಒಳ್ಳೇದಿಲ್ಲ.

ಬರೀ ಕಿವೀಲಿ ಹೊಡ್ದಾಯ್ತು, ಈಗ ಗುಂಯ್ ಅಂತಿದೆ, ಕಿವಿ ಕಟ್ಟಿದಂಗಿದೆ ಅಂದ್ರೆ? ಅವತ್ತು ಇನ್ನೊಂದು ಈಡು ಬೇಡ, ಡಿಜೆ ಸೌಂಡೂ ಬೇಡ. ಬಿಸಿ ಎಣ್ಣೆ ಬಿಡೋಕೆ ಅಜ್ಜಿ ಬಂದ್ರೆ ಬೇಡ ಅನ್ನಿ, ಕಿವಿ ತಮಟೆ ಹರಿದಿದ್ರೆ ಎಣ್ಣೆ ಒಳಗೆ ಹೋಗಿ ಇನ್ನೂ ಕೆಡತ್ತೆ. ರಕ್ತ, ತಲೆಸುತ್ತು, ಕಿವಿ ಪೂರ್ತಿ ಬಂದ್ ಆದ್ರೆ ಅವತ್ತೇ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ, ಬರೀ ಗುಂಯ್ ಆದ್ರೆ ಮಾರನೇ ದಿನಕ್ಕೂ ನಿಲ್ಲದಿದ್ರೆ ಹೋಗಿ, ಸ್ಟಿರಾಯ್ಡ್ ಕೊಡಬೇಕು ಅಂತಾದ್ರೆ ಬೇಗ ಶುರುವಾದಷ್ಟು ಒಳ್ಳೇದು. ಕಿವಿ ಎಷ್ಟು ಕೇಳಿಸತ್ತೆ ಅಂತ ನೋಡೋ ಆಡಿಯೋಮೆಟ್ರಿ ಪರೀಕ್ಷೆ ಕೇಳಿ ಮಾಡಿಸಿ, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲೂ ಮಾಡ್ತಾರೆ. ರಿಪೋರ್ಟಲ್ಲಿ 4000 ಹರ್ಟ್ಜ್ ಹತ್ರ ಗೆರೆ ಗುಂಡಿ ಬಿದ್ದಂಗೆ ಇಳಿದಿದ್ಯಾ ನೋಡಿ, ಜೋರು ಸದ್ದಿಂದ ಕಿವಿ ಕೆಟ್ಟಿದ್ರೆ ಹಾಗೆ ಕಾಣತ್ತೆ, ಬಲಗೈಲಿ ಹೊಡಿಯೋರಿಗೆ ನಳಿಗೆ ಕಡೆ ತಿರುಗಿರೋ ಎಡಗಿವೀಲಿ ಸಾಮಾನ್ಯವಾಗಿ ಅದು ಜಾಸ್ತಿ.