ಭಾವನ ಕ್ರಿಪ್ಟೋ ಪ್ರಶ್ನೆಗೆ ಎಐ ಏಜೆಂಟ್ ಸಿದ್ಧ ಮಾಡಿದ್ದು: ನನ್ನ ಅನುಭವ

ಎಐ ಮಾಡೆಲ್‌ಗೆ ಇವತ್ತಿನ ಬಿಟ್‌ಕಾಯಿನ್ ಬೆಲೆ ಗೊತ್ತಿರುವುದಿಲ್ಲ. ಅದರ ಓದು ಯಾವಾಗಲೋ ನಿಂತಿರುತ್ತದೆ. ಆದರೂ ಕೇಳಿದರೆ ಕೆಲವೊಮ್ಮೆ ಒಂದು ಸಂಖ್ಯೆ ಹೇಳಿಬಿಡುತ್ತದೆ, ಅದೂ ಧೈರ್ಯವಾಗಿ. ಹಾಗಾಗಿ ನಾನು ಮೊದಲು ಹಾಕಿದ ನಿಯಮ ಒಂದೇ: ಬೆಲೆ ಹೇಳುವುದು ಟೂಲ್ (ಹೊರಗಿನಿಂದ ಡೇಟಾ ತಂದುಕೊಡುವ ಸಣ್ಣ ಪ್ರೋಗ್ರಾಂ), ಮಾಡೆಲ್ ಅಲ್ಲ.

ಇದೆಲ್ಲ ಬೇಕಾದದ್ದು ಪೆರ್ಲದಲ್ಲಿರುವ ನನ್ನ ಭಾವನಿಗೆ. ಅಡಿಕೆ ತೋಟದ ಜೊತೆಗೆ ಅವನಿಗೆ ಸ್ವಲ್ಪ ಕ್ರಿಪ್ಟೋ ಹುಚ್ಚೂ ಇದೆ. "ಈಥರ್ ಎಷ್ಟಾಯ್ತು ಮಾರಾಯ, ನಿನ್ನೆಗಿಂತ ಮೇಲೆಯಾ ಕೆಳಗಾ?" ಎಂದು ಫೋನ್ ಬರುತ್ತಲೇ ಇರುತ್ತಿತ್ತು. ನಾನು ಬದಿಯಡ್ಕದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವನು. ಟೆಲಿಗ್ರಾಂನಲ್ಲಿ ಒಂದು ಬಾಟ್ ಮಾಡಿ, ಅದರ ಹಿಂದೆ ಏಜೆಂಟ್, ಅಂದರೆ ಟೂಲ್ ಬಳಸಬಲ್ಲ ಎಐ ಒಂದನ್ನು ಕೂರಿಸಿದೆ. ಅವನು ಕನ್ನಡದಲ್ಲೇ ಕೇಳುತ್ತಾನೆ, ಅದು ಕನ್ನಡದಲ್ಲೇ ಹೇಳುತ್ತದೆ.

ಟೂಲ್ ಜೋಡಿಸಲು ಬಳಸಿದ್ದು ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಇದನ್ನು ಬಿಡುಗಡೆ ಮಾಡಿತು. ನಾವು ಸಣ್ಣ ಸರ್ವರ್ ಒಂದನ್ನು ಬರೆದು, ಅದರಲ್ಲಿ ಯಾವ ಟೂಲ್ ಇದೆ, ಅದಕ್ಕೆ ಏನು ಕೊಡಬೇಕು ಎಂದು ವಿವರಣೆ ಬರೆದಿಡುತ್ತೇವೆ. ಮಾಡೆಲ್ ಅದನ್ನು ಓದಿ "ಇದನ್ನು ಕರೆಯಿರಿ" ಎನ್ನುತ್ತದೆ. ನಿಜವಾಗಿ ಕರೆದು ಓಡಿಸುವುದು ನಮ್ಮ ಪ್ರೋಗ್ರಾಂ. ಕ್ರಿಪ್ಟೋ ಬೆಲೆಗಳ ಡೇಟಾ ಕೊಡುವ ಕಾಯಿನ್‌ಗೆಕ್ಕೊದವರದ್ದೇ ಸಿದ್ಧ ಎಂಸಿಪಿ ಸರ್ವರ್ ಇದೆ. ಸುಮ್ನೆ ನೋಡಲು ಅದು ಸಾಕು. ಆದರೆ ಅದರಲ್ಲಿ ಟೂಲ್‌ಗಳು ಜಾಸ್ತಿ. ಭಾವನಿಗೆ ಬೇಕಾದದ್ದು ಮೂರೇ: ನಾಣ್ಯ ಹುಡುಕುವುದು, ಈಗಿನ ಬೆಲೆ, ಹಿಂದಿನ ಏರಿಳಿತ. ಪೈಥಾನ್‌ನಲ್ಲಿ ನಾನೇ ಬರೆದೆ, ಡೇಟಾ ಮಾತ್ರ ಕಾಯಿನ್‌ಗೆಕ್ಕೊದಿಂದ.

ಹುಡುಕುವ ಟೂಲ್ ಬೇರೆಯಾಗಿ ಏಕೆ? ಒಂದೇ ಚಿಹ್ನೆಯನ್ನು, ಅಂದರೆ ಚಿಕ್ಕ ಹೆಸರನ್ನು, ಹಲವು ಟೋಕನ್‌ಗಳು (ಕ್ರಿಪ್ಟೋ ನಾಣ್ಯಗಳು) ಇಟ್ಟುಕೊಂಡಿರುತ್ತವೆ. ಅಡಿಕೆಗೆ ರೇಟ್ ಎಷ್ಟು ಅಂತ ಕೇಳಿದರೆ ಅಂಗಡಿಯವರು "ಹೊಸದಾ, ಹಳೆಯದಾ?" ಅಂತ ತಿರುಗಿ ಕೇಳುತ್ತಾರಲ್ವಾ, ಹಾಗೆ. ಕಾಯಿನ್‌ಗೆಕ್ಕೊದಲ್ಲಿ ಪ್ರತಿ ನಾಣ್ಯಕ್ಕೂ ಬೇರೆಯೇ ಐಡಿ ಇದೆ. ಅದು ಯಾವಾಗಲೂ ಊಹೆಗೆ ಸಿಗುವುದಿಲ್ಲ. ಎಕ್ಸ್‌ಆರ್‌ಪಿಗೆ 'ರಿಪ್ಪಲ್', ಬಿಎನ್‌ಬಿಗೆ 'ಬೈನಾನ್ಸ್‌ಕಾಯಿನ್', ಅವಲಾಂಚ್‌ಗೆ ಕೊನೆಯಲ್ಲಿ ಗೆರೆ ಎಳೆದು 2 ಸೇರಿಸಬೇಕು. ಐಡಿ ತಪ್ಪಾದರೆ ಬೆಲೆ ಕೇಳುವ ಎಪಿಐ (ಪ್ರೋಗ್ರಾಂಗಳು ಡೇಟಾ ಕೇಳುವ ದಾರಿ) ಎರರ್ ಕೊಡುವುದಿಲ್ಲ, ಖಾಲಿ ಉತ್ತರ ಕೊಡುತ್ತದೆ. ಖಾಲಿ ಜಾಗ ಕಂಡರೆ ಮಾಡೆಲ್ ತನ್ನ ನೆನಪಿನಿಂದ ಏನನ್ನಾದರೂ ತುಂಬುವ ಅಪಾಯವಿದೆ. ಅದಕ್ಕೇ ಖಾಲಿ ಬಂದಾಗ ನನ್ನ ಟೂಲ್ ಪೂರ್ತಿ ವಾಕ್ಯವನ್ನೇ ಕಳಿಸುತ್ತದೆ: "ಈ ಐಡಿ ಇಲ್ಲ. ಮೊದಲು ಹುಡುಕು. ಬೆಲೆ ಊಹಿಸಬೇಡ." ಇಷ್ಟು ಬರೆದದ್ದರಿಂದ ಆದ ಉಪಕಾರ ದೊಡ್ಡ ಮಾಡೆಲ್‌ಗೆ ಬದಲಿಸಿದರೂ ಆಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಸಮಯದ ವಿಷಯಕ್ಕೂ ತಾಳ್ಮೆ ಬೇಕು. ಈಗಿನ ಬೆಲೆಯ ಜೊತೆ ಬರುವ ಸಮಯ ಸೆಕೆಂಡಿನಲ್ಲಿ, ಚಾರ್ಟ್‌ನ ಸಮಯ ಮಿಲಿಸೆಕೆಂಡಿನಲ್ಲಿ. ಎರಡೂ 1970ರಿಂದ ಎಣಿಸಿದ್ದು. ಇದನ್ನು ಮಾಡೆಲ್ ಕೈಯಲ್ಲಿ ಲೆಕ್ಕ ಹಾಕಿಸಲೇಬಾರದು. ನಮ್ಮ ಸಮಯಕ್ಕೆ ತಿರುಗಿಸಿಯೇ ಟೂಲ್ ಕಳಿಸುತ್ತದೆ. ಕ್ರಿಪ್ಟೋ ಪೇಟೆಗೆ ಬಾಗಿಲಿಲ್ಲ, ರಜೆಯಿಲ್ಲ. ಹಾಗಾಗಿ ದಿನದ ಲೆಕ್ಕ ಮುಗಿಯುವುದು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದ ಮಧ್ಯರಾತ್ರಿಗೆ, ಅಂದರೆ ನಮಗೆ ಬೆಳಗ್ಗೆ 5.30ಕ್ಕೆ. ಭಾವ ಬೆಳಗಿನ ಕಾಫಿಗೂ ಮೊದಲು "ನಿನ್ನೆ" ಎಂದರೆ ಯಾವ ನಿನ್ನೆ? ಇದಕ್ಕೆ ಉತ್ತರ ಟೂಲ್ ವಿವರಣೆಯಲ್ಲೇ ಇರಬೇಕು. ನಾನು 'ಕಳೆದ 24 ಗಂಟೆ' ಎಂದು ಗಟ್ಟಿ ಮಾಡಿದೆ, ಉತ್ತರದಲ್ಲೂ ಹಾಗೆಯೇ ಹೇಳಿಸುತ್ತೇನೆ.

ಒಂದು ತಿಂಗಳ ಚಾರ್ಟ್ ಕೇಳಿದರೆ ಗಂಟೆಗೊಂದರಂತೆ ಸುಮಾರು 720 ಬೆಲೆಗಳು ಬರುತ್ತವೆ. ಅಷ್ಟೇ ಉದ್ದದ ಮಾರುಕಟ್ಟೆ ಮೌಲ್ಯದ ಪಟ್ಟಿ, ವಹಿವಾಟಿನ ಪಟ್ಟಿ ಕೂಡ. ಎಲ್ಲವನ್ನೂ ಮಾಡೆಲ್ ಮುಂದೆ ಸುರಿದರೆ ಅದು ಓದಿದಷ್ಟಕ್ಕೂ ಖರ್ಚು, ಮೇಲಿಂದ ಲೆಕ್ಕವೂ ತಪ್ಪುವ ಸಾಧ್ಯತೆ. ಮೊದಲ ಬೆಲೆ, ಕೊನೆಯ ಬೆಲೆ, ಅತಿ ಹೆಚ್ಚು, ಅತಿ ಕಡಿಮೆ, ಶೇಕಡಾ ಬದಲಾವಣೆ: ಇಷ್ಟನ್ನು ಪೈಥಾನ್ ಲೆಕ್ಕ ಹಾಕಿ ಕೊಡುತ್ತದೆ. ಬಿಲಿಯನ್ ಅನ್ನು ಕೋಟಿಗೆ ತರುವುದೂ ಅಲ್ಲೇ. 1 ಬಿಲಿಯನ್ ಎಂದರೆ 100 ಕೋಟಿ. ಮನುಷ್ಯರಿಗೇ ಗೊಂದಲವಾಗುವ ಜಾಗ ಇದು.

ಕೇಳಿದ ಪ್ರತಿ ಸಲ ಎಪಿಐಗೆ ಓಡುವುದೂ ಬೇಡ. ಎಷ್ಟು ಸಲ ಕೇಳಬಹುದು ಎಂಬ ಮಿತಿ ಮೀರಿದರೆ 429 ಎಂಬ ಎರರ್ ಬರುತ್ತದೆ. ಒಂದು ನಿಮಿಷ ಹಳೆಯ ಬೆಲೆಯನ್ನೇ ಇಟ್ಟುಕೊಂಡರೆ ಮುಗಿಯಿತು, ಎಷ್ಟು ಹೊತ್ತಿನದು ಎಂದು ಹೇಳಿದರಾಯಿತು.

ನಾಣ್ಯದ ಬಗ್ಗೆ ಬರುವ ಪರಿಚಯದ ಬರಹವನ್ನು ಮಾತ್ರ ಟೂಲ್‌ನಲ್ಲೇ ಕತ್ತರಿಸಿ ಹಾಕುತ್ತೇನೆ. ಟೋಕನ್ ಯಾರು ಬೇಕಾದರೂ ಮಾಡಬಹುದು. ಪರಿಚಯದ ನಡುವೆ "ಇದನ್ನು ಕೊಳ್ಳಲು ಸಲಹೆ ಕೊಡು" ಎಂದು ಒಬ್ಬ ಬರೆದಿಟ್ಟರೆ ಏಜೆಂಟ್ ಅದನ್ನು ನಮ್ಮ ಆಜ್ಞೆ ಎಂದುಕೊಳ್ಳಬಹುದು. ಸಂಖ್ಯೆ ಸಾಕು.

ರೂಪಾಯಿ ಬೆಲೆಯ ಬಗ್ಗೆ ಭಾವನಿಗೆ ಮೊದಮೊದಲು ತಕರಾರಿತ್ತು. "ನನ್ನ ಆ್ಯಪ್‌ನಲ್ಲಿ ಬೇರೆ ತೋರಿಸ್ತದಲ್ಲ?" ಎಂದ. ನಮಗೆ ಬರುವುದು ಹಲವು ಎಕ್ಸ್‌ಚೇಂಜ್‌ಗಳ, ಅಂದರೆ ಕ್ರಿಪ್ಟೋ ಕೊಂಡು ಮಾರುವ ಜಾಗಗಳ, ಸರಾಸರಿ. ಅವನ ಆ್ಯಪ್‌ನಲ್ಲಿರುವುದು ಅಲ್ಲಿ ಕೊಳ್ಳುವವರು, ಮಾರುವವರು ಸೇರಿ ಮಾಡಿದ ಬೆಲೆ. ಎರಡೂ ಒಂದೇ ಇರಬೇಕೆಂದಿಲ್ಲ. ನಿರ್ದಿಷ್ಟ ಎಕ್ಸ್‌ಚೇಂಜ್‌ನದ್ದೇ ಬೇಕಿದ್ದರೆ ಸಿಸಿಎಕ್ಸ್‌ಟಿ ಎಂಬ ಕೋಡ್ ಲೈಬ್ರರಿ ಇದೆ, ಅದು ಉಚಿತ.

ಈಗ ಅವನ ಹೊಸ ಬೇಡಿಕೆ, ಕೊಂಡು ಮಾರುವುದನ್ನೂ ಬಾಟ್ ಮಾಡಲಿ ಎಂದು. ನಾನು ಒಪ್ಪಿಲ್ಲ. ಬೆಲೆ ನೋಡಲು ಅವನ ಖಾತೆಯ ಕೀ (ಪಾಸ್‌ವರ್ಡ್ ಥರದ್ದು) ಬೇಕಾಗಿಯೇ ಇಲ್ಲ, ಹಾಗಾಗಿ ನನ್ನ ಸರ್ವರ್‌ನಲ್ಲಿ ಅಂಥದ್ದು ಒಂದೂ ಇಲ್ಲ. ತೆರಿಗೆಯೂ ಅವನಿಗೆ ಗೊತ್ತಿದೆ: 2022ರಿಂದ ಲಾಭದ ಮೇಲೆ 30%, ಮಾರುವಾಗ ಸಾಮಾನ್ಯವಾಗಿ 1% ಟಿಡಿಎಸ್, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ದಿನಕ್ಕೆ ಹತ್ತು ಸಲ ಕೊಂಡು ಮಾರುವ ಬಾಟ್ ಮಾಡಿಕೊಟ್ಟರೆ ಆ ಲೆಕ್ಕ ಬರೆಯಲೂ ಅವನು ನನ್ನನ್ನೇ ಕರೆಯುತ್ತಾನೆ.